ನೀಲಿ ಬಾಗಿಲಿಗೆ ಇಬ್ಬರು ಬೇಕು

ಆ ಆಟ ನನ್ನ ಕೈಗೆ ಬಂದದ್ದು ಮೊಬೈಲು ಕೆಟ್ಟಿದ್ದರಿಂದ. ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದೆ. ರಸ್ತೆಯ ಉಬ್ಬಿಗೆ ಬಸ್ಸು ಎಗರಿದಾಗ ಕೈಯಲ್ಲಿದ್ದ ಮೊಬೈಲು ಜಾರಿ, ಪಕ್ಕದಲ್ಲಿ ಕೂತಿದ್ದ ಗೌಳಿಯ ಹಾಲಿನ ಕ್ಯಾನಿನ ಕೆಳಗೆ ಸಿಕ್ಕಿಕೊಂಡಿತು. ಎತ್ತಿ ನೋಡಿದರೆ ಗಾಜು ಜೇಡರ ಬಲೆಯಂತಾಗಿತ್ತು.

ಕೊಲ್ಹಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ರಿಪೇರಿ ಅಂಗಡಿ ಇತ್ತು. ಅದರ ಮಾಲೀಕ ಹೆಚ್ಚುಕಡಿಮೆ ನನ್ನ ವಯಸ್ಸಿನವನೇ, ಮರಾಠಿಯವನು. ಒಂದು ಕಣ್ಣಿಗೆ ಭೂತಗಾಜು ಕಟ್ಟಿಕೊಂಡು ಕೂತಿದ್ದ. ಹೊಸ ಗಾಜು ಮುಂಬಯಿಯಿಂದ ಬರಬೇಕು, ಮೂರು ದಿನ ಆಗುತ್ತದೆ ಎಂದ. ಮೂರು ದಿನ ನಾನೇನು ಮಾಡಲಿ ಎಂದು ಬಾಯಿಬಿಟ್ಟು ಕೇಳಲಿಲ್ಲ. ಮುಖದಲ್ಲೇ ಕಂಡಿರಬೇಕು. ಅವನು ಡ್ರಾವರು ಎಳೆದು ಅಂಗೈಯಗಲದ ಒಂದು ಮಡಚುವ ಆಟದ ಯಂತ್ರ ತೆಗೆದು ಮುಂದಿಟ್ಟ.

"ತೋಪರ್ಯಂತ ಹೇ ಖೇಳಾ," ಎಂದ. ಅಲ್ಲಿಯತನಕ ಇದನ್ನು ಆಡಿಕೊಂಡಿರಿ ಎಂದು.

ನಲವತ್ತಾರು ವರ್ಷದ ಗಂಡಸಿಗೆ ಆಟದ ಸಾಮಾನು ಕೊಡುತ್ತಿದ್ದಾನಲ್ಲ ಎಂದು ನಾಚಿಕೆಯಾಯಿತು. ಆದರೂ ಕಿಸೆಗೆ ಹಾಕಿಕೊಂಡೆ.

ನನ್ನದು ಬೆಳ್ಳಿಯ ಕೆಲಸ. ಹುಪರಿಯಲ್ಲಿ ಮನೆಮನೆಗಳಲ್ಲಿ ಮಾಡುವ ಕಾಲ್ಗೆಜ್ಜೆ, ಕಾಲುಂಗುರ, ಉಡಿದಾರಗಳ ಮಾದರಿಗಳನ್ನು ಚೀಲದಲ್ಲಿಟ್ಟುಕೊಂಡು ಸರಾಫರ ಅಂಗಡಿಗಳಿಗೆ ತಿರುಗುತ್ತೇನೆ. ವಾರದ ಮೊದಲೆರಡು ದಿನ ಕೊಲ್ಹಾಪುರ, ಬುಧವಾರ ಇಚಲಕರಂಜಿ, ಗುರುವಾರ ಗಡಹಿಂಗ್ಲಜ. ಆಮೇಲೆ ಮತ್ತೆ ಹುಪರಿ. ದಿನಕ್ಕೆ ಇಪ್ಪತ್ತು ಮಂದಿಯ ಜೊತೆ ಮಾತಾಡುತ್ತೇನೆ. ಎಲ್ಲವೂ ನಮೂನೆಯ ಮಾತು, ತೂಕದ ಮಾತು. ಖಾನಾವಳಿಯಲ್ಲಿ ಊಟ ಬಡಿಸುವವನಿಗೆ "ಸಾಕು" ಎಂದರೆ ಆ ದಿನದ ಮಾತು ಮುಗಿದಂತೆ. ಕೊಲ್ಹಾಪುರದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೇನೆ. ಅದರ ಬೀಗ ತೆಗೆಯುವಾಗ ಒಳಗೆ ಯಾರೂ ಇಲ್ಲ ಎಂದು ಗೊತ್ತಿದ್ದರೂ, ಕದವನ್ನು ಸಪ್ಪಳವಾಗದ ಹಾಗೆ ತೆರೆಯುವ ಅಭ್ಯಾಸ ಮಾತ್ರ ಹೋಗಿಲ್ಲ. ಅದು ಮದುವೆಯ ಕಾಲದ ಅಭ್ಯಾಸ.

ಎಂಟು ವರ್ಷ ಸಂಸಾರ ಮಾಡಿದ್ದೆ, ಗಡಹಿಂಗ್ಲಜದಲ್ಲಿ. ನಾವು ಜಗಳವಾಡಿ ಬೇರೆಯಾದವರಲ್ಲ. ಯಾವುದೋ ಒಂದು ಬೆಳಿಗ್ಗೆ ಇಬ್ಬರೂ ಚಹಾ ಕುಡಿಯುತ್ತ ಕೂತಾಗ, ಇಡೀ ವಾರದಲ್ಲಿ ಒಂದು ಮಾತೂ ಆಡಿಲ್ಲ ಎಂಬುದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಕಾಗದಪತ್ರಗಳಾದವು. ಅವಳು ಅದೇ ಊರಿನಲ್ಲಿ ಮತ್ತೊಂದು ಮದುವೆಯಾದಳು ಎಂದು ಕೇಳಿದೆ. ಅವಳಿಗೆ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅದನ್ನೂ ಯಾರಿಗೂ ಹೇಳಲಿಲ್ಲ.

ಇಂಥ ಮನುಷ್ಯನ ಕಿಸೆಯಲ್ಲಿ ಆ ಯಂತ್ರ ಬಂದು ಕೂತಿತು.

ಮರುದಿನ ಹುಪರಿಯ ಬಸ್ಸಿನಲ್ಲಿ ಮೊದಲ ಸಲ ತೆರೆದೆ. ಪರದೆಯ ಮೇಲೆ ಬೆಳ್ಳುಳ್ಳಿ ಗಡ್ಡೆಯಂಥ ಒಂದು ಪ್ರಾಣಿ ನಿಂತಿತ್ತು. ಗುಂಡನೆಯ ಮೈ, ಮೇಲೆ ಒಂದು ಜುಟ್ಟು, ಎರಡು ಕಡ್ಡಿಕಾಲು. ಕೈಗಳಿಲ್ಲ. ಸುತ್ತ ಎತ್ತರವಾದ ಮನೆ, ಒಂದರ ಮೇಲೊಂದು ಕೋಣೆ. ಹಲಗೆಗಳು, ಬಟ್ಟೆ ಒಣಹಾಕಿದ ಹಗ್ಗಗಳು, ತೂಗುವ ಬುಟ್ಟಿಗಳು. ಇವುಗಳ ಮೇಲೆ ಹಾಯುತ್ತ ಗಡ್ಡೆ ತುದಿಯ ಕೋಣೆಗೆ ಹತ್ತಬೇಕು. ಆದರೆ ಅದಕ್ಕೆ ಜಿಗಿಯಲು ಬರುವುದಿಲ್ಲ! ಗುಂಡಿ ಒತ್ತಿ ಹಿಡಿದರೆ ಗಾಳಿ ಎಳೆದುಕೊಂಡು ಪೂರಿಯ ಹಾಗೆ ಉಬ್ಬುತ್ತದೆ, ಮೆಲ್ಲಗೆ ಮೇಲೇಳುತ್ತದೆ. ಗುಂಡಿ ಬಿಟ್ಟರೆ ಗಾಳಿ ಹಿಂದಿನಿಂದ ಪುರ್ರ್ ಎಂದು ಹೊರಬಿದ್ದು, ಗಡ್ಡೆ ಎದುರು ದಿಕ್ಕಿಗೆ ಹಾರಿಹೋಗಿ ಗೋಡೆಗೆ ಬಡಿಯುತ್ತದೆ. ಮೊದಲ ಸಲ ಆ ಸಪ್ಪಳ ಬಂದಾಗ ಮುಂದಿನ ಸೀಟಿನ ಹೆಂಗಸು ತಿರುಗಿ ನನ್ನನ್ನು ದುರುಗುಟ್ಟಿ ನೋಡಿದಳು. ದನಿಯನ್ನು ಪೂರ್ತಿ ಇಳಿಸಿಬಿಟ್ಟೆ.

ಆ ಆಟದಲ್ಲಿ ಯಾರೂ ಸಾಯುತ್ತಿರಲಿಲ್ಲ. ಅದು ನನಗೆ ಬಹಳ ಹಿಡಿಸಿತು. ಗುರಿ ತಪ್ಪಿದರೆ ಗಡ್ಡೆ ಕೆಳಗಿನ ಕೋಣೆಗೆ ಬೀಳುತ್ತಿತ್ತು, ಅಷ್ಟೇ. ಅಲ್ಲಿ ಯಾರೋ ತಮ್ಮ ಕೆಲಸದಲ್ಲಿ ಇರುತ್ತಿದ್ದರು. ಒಂದು ಕೋಣೆಯಲ್ಲಿ ಕಪ್ಪೆ ಭಜಿ ಕರಿಯುತ್ತಿತ್ತು. ಇನ್ನೊಂದರಲ್ಲಿ ದಪ್ಪ ಬೆಕ್ಕು ಬಟ್ಟೆ ಇಸ್ತ್ರಿ ಮಾಡುತ್ತಿತ್ತು. ಗಡ್ಡೆ ಧೊಪ್ಪೆಂದು ಬಿದ್ದರೆ ಕಪ್ಪೆ ತಲೆಯೆತ್ತಿ ಒಂದು ಸಾಲು ಮಾತಾಡುತ್ತಿತ್ತು. ಅಕ್ಷರ ಜಪಾನಿಯದೋ ಚೀನದ್ದೋ ತಿಳಿಯದು. ಹಾಗಾಗಿ ಅರ್ಥವನ್ನು ನಾನೇ ಕೊಟ್ಟುಕೊಂಡೆ. ಕಪ್ಪೆ "ಮತ್ತ ಬಂದೇನಪಾ?" ಎಂದು ಕೇಳುತ್ತಿತ್ತು, ನನ್ನ ಅವ್ವನ ದನಿಯಲ್ಲಿ. ಅವ್ವ ಹೋಗಿ ಬಹಳ ವರ್ಷಗಳಾಗಿದ್ದವು. ನೂಲ ಗ್ರಾಮದ ನಮ್ಮ ಮನೆಯಲ್ಲಿ ಅಡುಗೆಮನೆಯ ಕದದ ಮೇಲೆ ಸುಣ್ಣದ ಕಡ್ಡಿಯಿಂದ ನನಗೆ ಕನ್ನಡ ಅಕ್ಷರ ತಿದ್ದಿಸಿದವಳು ಅವಳೇ; ಶಾಲೆಯೆಲ್ಲ ಮರಾಠಿ.

ಏನೂ ಮಾಡದೆ ಗಡ್ಡೆಯನ್ನು ಸುಮ್ಮನೆ ನಿಲ್ಲಿಸಿದರೆ, ಸ್ವಲ್ಪ ಹೊತ್ತಿಗೆ ಅದು ಕೂತುಬಿಡುತ್ತಿತ್ತು. ಒಂದು ಕಾಲಿನ ಬೂಟು ಕಳಚಿ, ಬೋರಲು ಹಾಕಿ, ಒಳಗಿನ ಹರಳು ಉದುರಿಸುತ್ತಿತ್ತು. ಕೈಯೇ ಇಲ್ಲದ ಪ್ರಾಣಿ ಬೂಟು ಹೇಗೆ ಕಳಚುತ್ತದೆ ಎಂದು ಎಷ್ಟು ಸಲ ನೋಡಿದರೂ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಎಷ್ಟೋ ದಿನ ನಾನು ಆಡುತ್ತಲೇ ಇರಲಿಲ್ಲ. ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಗಡ್ಡೆ ಹರಳು ಉದುರಿಸುವುದನ್ನು ನೋಡುತ್ತ ಕೂರುತ್ತಿದ್ದೆ.

ಮೂರು ದಿನದ ಮೇಲೆ ಮೊಬೈಲು ಸರಿಯಾಯಿತು. ನಾನು ಆಟವನ್ನು ಹಿಂದಿರುಗಿಸಲಿಲ್ಲ, ಕೊಂಡುಕೊಂಡೆ. ರಿಪೇರಿಯವನು ನಕ್ಕ. ಮೊಬೈಲಿನಲ್ಲಿ ಬೇಕಾದಷ್ಟು ಆಟಗಳಿವೆಯಲ್ಲ ಎಂದ. ಅವನಿಗೆ ಹೇಗೆ ಹೇಳುವುದು? ಮೊಬೈಲು ಕೈಯಲ್ಲಿದ್ದರೆ ಯಾರೂ ಕರೆ ಮಾಡುತ್ತಿಲ್ಲ ಎಂಬುದು ನೆನಪಾಗುತ್ತಿರುತ್ತದೆ. ಈ ಯಂತ್ರಕ್ಕೆ ಕರೆ ಬರುವುದೇ ಇಲ್ಲ. ಅದು ಸುಮ್ಮನಿದ್ದರೆ ಯಾರ ತಪ್ಪೂ ಅಲ್ಲ.

ಎರಡು ತಿಂಗಳಲ್ಲಿ ಮೂವತ್ತು ಕೋಣೆ ಹತ್ತಿದೆ. ಮೂವತ್ತೊಂದನೆಯದರಲ್ಲಿ ಒಂದು ನೀಲಿ ಬಾಗಿಲು ಬಂತು.

ಬಾಗಿಲ ಮುಂದೆ ನೆಲದಲ್ಲಿ ಎರಡು ಕಲ್ಲುಗಳಿದ್ದವು. ಗಡ್ಡೆ ಒಂದು ಕಲ್ಲಿನ ಮೇಲೆ ನಿಂತರೆ ಬಾಗಿಲು ಅರ್ಧ ಮೇಲೇಳುತ್ತಿತ್ತು. ಮುಂದೆ ಹೆಜ್ಜೆ ಇಟ್ಟರೆ ಇಳಿದುಬಿಡುತ್ತಿತ್ತು. ಆಗ ಗಡ್ಡೆ ಎರಡನೆಯ ಕಲ್ಲನ್ನು ನೋಡಿ, ಆಮೇಲೆ ತಿರುಗಿ ನೇರ ನನ್ನ ಮುಖ ನೋಡುತ್ತಿತ್ತು. ನಾನು ಏನೇನೋ ಮಾಡಿದೆ. ಕೆಳಗಿನ ಕೋಣೆಯಿಂದ ಬುಟ್ಟಿಯನ್ನು ತಳ್ಳಿಕೊಂಡು ಬಂದು ಕಲ್ಲಿನ ಮೇಲೆ ಇಟ್ಟೆ; ಬಾಗಿಲಿಗೆ ಲೆಕ್ಕಕ್ಕಿಲ್ಲ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹಾರಿ ನೋಡಿದೆ. ಮೂರು ವಾರ ಇದೇ ಆಯಿತು. ಕೊನೆಗೆ ಸೋತು, ರಿಪೇರಿಯವನ ಮುಂದೆ ಯಂತ್ರ ಇಟ್ಟೆ.

ಅವನು ಭೂತಗಾಜಿನಿಂದ ಪರದೆಯ ಮೂಲೆ ನೋಡಿದ. ಅಲ್ಲಿ ಸಣ್ಣದಾಗಿ ಎರಡು ಯಂತ್ರಗಳ ಚಿತ್ರ, ನಡುವೆ ಒಂದು ದಾರ. ನಾನು ಅದನ್ನು ಬಟ್ಟೆಯ ಹಗ್ಗ ಎಂದುಕೊಂಡಿದ್ದೆ.

"ದೋನ ಮಾಣಸಂ ಲಾಗತಾತ," ಎಂದ. ಇಬ್ಬರು ಬೇಕಾಗುತ್ತಾರಂತೆ. ಇದೇ ಆಟ ಇರುವ ಇನ್ನೊಬ್ಬರು, ಇಂಥದೇ ಯಂತ್ರ, ನಡುವೆ ಒಂದು ವೈರು. ಇಬ್ಬರೂ ಒಂದೇ ಸಲ ಕಲ್ಲಿನ ಮೇಲೆ ನಿಂತರೆ ಬಾಗಿಲು ತೆರೆಯುತ್ತದೆ.

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಒಬ್ಬನೇ ಆಡಬಹುದು ಎಂದೇ ಅಲ್ಲವೇ ಇದನ್ನು ಇಟ್ಟುಕೊಂಡದ್ದು? ಮುಚ್ಚಿ ಕಿಸೆಗೆ ಹಾಕಿ ಹೊರಟೆ. ಅವನು ಹಿಂದಿನಿಂದ ಕೂಗಿ ನಿಲ್ಲಿಸಿದ. ಕನ್ನಡ ಓದಲು ಬರುತ್ತದೆಯೇ ಎಂದು ಕೇಳಿದ. ಬರುತ್ತದೆ ಎಂದೆ. ಗೋಡೆಗೆ ಅಂಟಿಸಿದ್ದ ಚೀಟಿಗಳ ಸಾಲಿನಿಂದ ಒಂದನ್ನು ಕಿತ್ತು ಕೊಟ್ಟ. ಇಚಲಕರಂಜಿಯಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಇಂಥದೇ ಯಂತ್ರ, ಇದೇ ಆಟ ರಿಪೇರಿಗೆ ಬಂದಿತ್ತಂತೆ, ಚೀಟಿಯ ಸಮೇತ. ಗುಂಡಿ ಕೆಟ್ಟಿದ್ದು ನೋಡಿ ಸರಿಮಾಡಿ ಕಳಿಸಿದ್ದ. ಚೀಟಿಯಲ್ಲಿ ಏನಿದೆ ಎಂಬುದು ಅವನಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

ದಪ್ಪ ಅಕ್ಷರಗಳಲ್ಲಿ ಬರೆದಿತ್ತು: "ಮ್ಯಾಲಿನ ಗುಂಡಿ ಒತ್ತಂಗಿಲ್ಲ. ಒಳಗಿನ ಆಟ ಅಳಸಬ್ಯಾಡ್ರಿ. ನನಗ ಕಿವಿ ಕೇಳಂಗಿಲ್ಲ, ಫೋನ ಮಾಡಬ್ಯಾಡ್ರಿ." ಕೆಳಗೆ ಇಚಲಕರಂಜಿಯ ಒಂದು ಓಣಿಯ ಗುರುತು.

ಓದಿ ಮರಾಠಿಯಲ್ಲಿ ಹೇಳಿದೆ. ರಿಪೇರಿಯವನು ಡ್ರಾವರಿನ ತಳದಿಂದ ಒಂದು ವೈರು ಹುಡುಕಿ ನನ್ನ ಕೈಗೆ ಕೊಟ್ಟ.

ಮುಂದಿನ ಬುಧವಾರ ಅಂಗಡಿಗಳ ಕೆಲಸ ಮುಗಿಸಿ ಆ ಓಣಿ ಹುಡುಕಿದೆ. ಕಿವಿ ಕೇಳದ ಯಾರೋ ಶಾಲೆಯ ಮಗು ಇರಬೇಕು, ಅದರ ತಂದೆತಾಯಿಗೆ ಏನೆಂದು ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದೆ. ಓಣಿಯ ಎರಡೂ ಕಡೆ ಮಗ್ಗದ ಶೆಡ್ಡುಗಳು. ಆ ಸಪ್ಪಳ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಯಾರೋ ಒಂದು ಶೆಡ್ಡಿನ ಕಡೆ ಬೆರಳು ತೋರಿಸಿದರು. ಒಳಗೆ, ಬಾಗಿಲ ಪಕ್ಕದಲ್ಲೇ, ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಕಂಡಿಕೆ ಸುತ್ತುತ್ತ ಕೂತಿದ್ದಳು. ಮಗ್ಗದ ಲಾಳಿಗೆ ಬೇಕಾದ ನೂಲನ್ನು ಸಣ್ಣ ಕಡ್ಡಿಗಳಿಗೆ ಸುತ್ತುವ ಕೆಲಸ ಅದು. ತಲೆಯ ಮೇಲೆ ಸೆರಗು, ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು. ನನ್ನ ಚೀಲ ನೋಡಿ ಕೈಯಾಡಿಸಿದಳು.

"ವಿಮಾ ಗಿಮಾ ಏನೂ ಬ್ಯಾಡ್ರಿ ನಮಗ, ಹೋಗ್ರಿ!" ಮಗ್ಗಗಳ ಸಪ್ಪಳಕ್ಕಿಂತ ಅವಳ ದನಿ ದೊಡ್ಡದಿತ್ತು.

ನಾನು ಕಿಸೆಯಿಂದ ಯಂತ್ರ ತೆಗೆದು ಬಿಚ್ಚಿ ತೋರಿಸಿದೆ. ಅವಳ ಕೈ ನಿಂತಿತು. ನೂಲು ಒಂದು ಕಡೆ ಹರಿಯಿತು, ಅದನ್ನೂ ನೋಡಲಿಲ್ಲ. ಪರದೆಯ ಹತ್ತಿರ ಮುಖ ತಂದು, ನೀಲಿ ಬಾಗಿಲ ಮುಂದೆ ನಿಂತಿದ್ದ ಗಡ್ಡೆಯನ್ನು ನೋಡಿದಳು.

"ನಂದೂ ಅಲ್ಲೇ ನಿಂತಾನ," ಎಂದಳು. "ಎರಡ ವರ್ಷ ಆತು."

ಆ ದಿನ ಅವಳ ಪಾಳಿ ಮುಗಿದಿರಲಿಲ್ಲ. ವಾರದ ಸುಟ್ಟಿಯ ದಿನ, ರಜೆಗೆ ಮಗ್ಗಗಳು ನಿಂತಿರುವಾಗ ಬಾ ಎಂದಳು. ನಾನು ಏನೋ ಹೇಳಿದೆ. ಅವಳು ನನ್ನ ಬಾಯಿಯನ್ನೇ ಕಣ್ಣು ಕಿರಿದು ಮಾಡಿ ನೋಡಿ ತಲೆಯಾಡಿಸಿದಳು. "ತುಟಿ ನೋಡಿ ತಿಳಕೋತೇನಿ ನಾ. ನಿನ್ನ ಮೀಸಿ ಅಡ್ಡ ಬರಾಕತ್ತೈತಿ. ಬರಾಗ ಒಂದು ಪೆನ್ನು ತಗೊಂಡ ಬಾ."

ಸುಟ್ಟಿಯ ದಿನ ಬೆಳಿಗ್ಗೆ ಹತ್ತಕ್ಕೆ ಅವಳ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಒಂದು ಖೋಲಿಯ ಮನೆ, ಶೆಡ್ಡಿನ ಬೆನ್ನಿಗೆ. ಜಮಖಂಡಿ ಕಡೆಯಿಂದ ಗಂಡನ ಜೊತೆ ಬಂದವಳು, ಮೂವತ್ತೈದು ವರ್ಷ ಇದೇ ಓಣಿ. ಗಂಡ ಮಗ್ಗ ನಡೆಸುತ್ತಿದ್ದ. ತೀರಿಕೊಂಡು ಏಳು ವರ್ಷವಾಗಿತ್ತು. ಮಗಳು ಪುಣೆಯಲ್ಲಿ. ಒಮ್ಮೆ ಶಾಲೆಯ ರಜೆಗೆ ಬಂದ ಮೊಮ್ಮಗಳು ಈ ಆಟ ಬಿಟ್ಟುಹೋದಳಂತೆ. ಕಳಿಸಲೇ ಎಂದು ಬರೆದು ಕೇಳಿದರೆ, ಅದು ಹಳೆಯದು, ನೀನೇ ಇಟ್ಟುಕೋ ಅಜ್ಜಿ ಎಂದಳಂತೆ.

"ಟೀವಿಗೆ ಕಿವಿ ಬೇಕು. ಭಜನಿಗೆ ಕಿವಿ ಬೇಕು. ಮಂದಿ ಕೂಡ ಕುಂದ್ರಬೇಕಂದ್ರೂ ಕಿವಿ ಬೇಕು," ಎಂದಳು. "ಈ ಉಳ್ಳಾಗಡ್ಡಿಗೆ ಏನೂ ಬ್ಯಾಡ."

ಉಳ್ಳಾಗಡ್ಡಿಯಲ್ಲ, ಬೆಳ್ಳುಳ್ಳಿ ಎಂದು ನಾನು ಕಾಗದದ ಮೇಲೆ ಬರೆದೆ. ಅವಳಿಗೆ ಸಿಟ್ಟೇ ಬಂತು. ಉಳ್ಳಾಗಡ್ಡಿಗೆ ಮಾತ್ರ ಹಂಗ ಜುಟ್ಟು ಇರುತ್ತದೆ, ಬೆಳ್ಳುಳ್ಳಿ ಬಿಡಿಸಿದವಳು ನಾನೋ ನೀನೋ ಎಂದಳು. ಕಪ್ಪೆ ಏನೆನ್ನುತ್ತದೆ ಎಂದು ಬರೆದು ಕೇಳಿದೆ. ಒಂದಿಷ್ಟೂ ತಡೆಯದೆ ಹೇಳಿದಳು: "ಕಾಲ ಒರಸಿ ಒಳಗ ಬಾ ಅಂತೈತಿ. ಮತ್ತೇನ? ದಿನಾ ಬೀಳತಾನ, ನೆಲಾ ಹೊಲಸ ಮಾಡತಾನ." ಓದಲು ಬಾರದ ಒಂದೇ ಸಾಲಿಗೆ ಇಬ್ಬರೂ ಬೇರೆ ಬೇರೆ ಮಾತು ತುಂಬಿಕೊಂಡು, ಒಂದೇ ಜಿಲ್ಲೆಯಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇದ್ದೆವಲ್ಲ ಎಂದು ನನಗೆ ಆಶ್ಚರ್ಯವಾಯಿತು.

ವೈರು ಜೋಡಿಸಿದೆವು. ಎರಡೂ ಪರದೆಗಳ ಮೇಲೆ ಇಬ್ಬರು ಗಡ್ಡೆಯವರು ಕಂಡರು. ನನ್ನದು ಬಿಳಿ, ಅವಳದು ನಸುಗೆಂಪು. "ನೋಡ, ಉಳ್ಳಾಗಡ್ಡಿ!" ಎಂದು ಗೆದ್ದವಳಂತೆ ಕೂಗಿದಳು. ಇಬ್ಬರೂ ಒಂದೇ ಸಲ ಕಲ್ಲಿನ ಮೇಲೆ ಇಳಿಯಬೇಕು. ನಾನು ಒಂದು, ಎರಡು, ಮೂರು ಎಂದೆ. ಅವಳಿಗೆ ಕೇಳಬೇಕಲ್ಲ! ನಾನು ಇಳಿದೆ, ಅವಳು ಆಮೇಲೆ ಇಳಿದಳು, ಬಾಗಿಲು ಮತ್ತೆ ಮುಚ್ಚಿತು. ನಾಲ್ಕು ಸಲ ಹಾಗೆಯೇ ಆಯಿತು. ಐದನೆಯ ಸಲ ಅವಳು ನನ್ನ ಮೊಣಕಾಲಿನ ಮೇಲೆ ತನ್ನ ಬೆರಳುಗಳಿಂದ ಬಡಿದಳು. ಒಂದು, ಎರಡು, ಮೂರು. ಮೂರನೆಯ ಬಡಿತಕ್ಕೆ ಇಬ್ಬರೂ ಇಳಿದೆವು. ನೀಲಿ ಬಾಗಿಲು ಪೂರ್ತಿ ಮೇಲೆದ್ದಿತು.

ಒಳಗೆ ಒಂದು ಮಾಳಿಗೆ. ಕೂರಲು ಬೆಂಚಿನಂಥ ಒಂದು ಉದ್ದ ಬಾಕು. ದೂರದಲ್ಲಿ ಗುಡ್ಡಗಳು. ಇಬ್ಬರೂ ನಡೆದುಹೋಗಿ ಬಾಕಿನ ಮೇಲೆ ಕೂತರು. ಗುಂಡಿ ಒತ್ತಿದರೆ ಯಾವುದೋ ಹಣ್ಣಿನ ಹೋಳನ್ನು ಒಬ್ಬರು ಇನ್ನೊಬ್ಬರ ಕಡೆ ಸರಿಸುತ್ತಿದ್ದರು. ಕೈಯಿಲ್ಲದೆ ಹೇಗೆ ಸರಿಸಿದರೋ ಏನೋ. ಅಷ್ಟೇ. ಬಹುಮಾನವಿಲ್ಲ, ಶತ್ರುವಿಲ್ಲ. ಸೂರ್ಯ ಗುಡ್ಡದ ಹಿಂದೆ ಹೋದ ಮೇಲೆ ಆ ಚಿತ್ರ ಮುಗಿಯಿತು.

"ಇಷ್ಟೇನಾ?" ಎಂದಳು.

ನಾನು ಹೌದು ಎಂದು ತಲೆಯಾಡಿಸಿದೆ. ಅವಳು ಸೆರಗಿನಿಂದ ಪರದೆ ಒರೆಸಿದಳು.

"ಮತ್ತೊಮ್ಮೆ ಕೂಡಸೋಣು," ಎಂದಳು.

ಆ ಬೆಳಿಗ್ಗೆ ಏಳೆಂಟು ಸಲ ಅವರನ್ನು ಬಾಕಿನ ಮೇಲೆ ಕೂರಿಸಿದೆವು. ನಡುವೆ ಅವಳು ಚಹಾ ಮಾಡಿದಳು. ಚಹಾ ಕುಡಿಯುತ್ತ ಹೆಂಡತಿ ಮಕ್ಕಳು ಎಲ್ಲಿರುತ್ತಾರೆ ಎಂದು ಕೇಳಿದಳು. ಯಾರು ಕೇಳಿದರೂ "ಊರಾಗ ಅದಾರ" ಎಂದು ಸುಳ್ಳು ಹೇಳಿ ಮುಂದೆ ಹೋಗುವುದು ನನ್ನ ರೂಢಿ. ಬಾಯಿಂದ ಸುಳ್ಳು ಸಲೀಸಾಗಿ ಬರುತ್ತದೆ. ಪೆನ್ನು ಹಿಡಿದಾಗ ಬರಲಿಲ್ಲ. "ಅವಳು ಬಿಟ್ಟು ಹೋದಳು" ಎಂದು ಬರೆದೆ. ಅದು ನಿಜವಲ್ಲ ಎನಿಸಿ ಹೊಡೆದುಹಾಕಿದೆ. ಬಹಳ ಹೊತ್ತು ಹಿಡಿಯಿತು. ಅವಳು ಅವಸರ ಮಾಡಲಿಲ್ಲ. ಕೊನೆಗೆ ಕಾಗದ ಕೊಟ್ಟೆ. ಅವಳು ಬೆರಳು ಆಡಿಸುತ್ತ ಗಟ್ಟಿಯಾಗಿ ಓದತೊಡಗಿದಳು, ಕಿವಿ ಕೇಳದವರ ಆ ದೊಡ್ಡ ದನಿಯಲ್ಲಿ:

"ಎಂಟು ವರ್ಷ ಇದ್ದೆವು. ಜಗಳ ಆಗಲಿಲ್ಲ. ಮಾತೂ ಆಗಲಿಲ್ಲ. ನಾನೇ ಮಾತಾಡಲಿಲ್ಲ."

ಮಗ್ಗಗಳು ನಿಂತ ದಿನ. ಓಣಿಯೆಲ್ಲ ನಿಶ್ಶಬ್ದ. ಎದುರು ಮನೆಯ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಹಿಡಿದು ನಿಂತುಬಿಟ್ಟಳು. ನನಗೆ ನೆಲದೊಳಗೆ ಇಳಿದುಹೋಗುವ ಹಾಗಾಯಿತು. ಯಾರಿಗೂ ಹೇಳದ ಮಾತು ಹೀಗೆ ಇಡೀ ಓಣಿಗೆ ಹಂಚಿಹೋಯಿತು. ಇಚಲಕರಂಜಿಯ ಆ ಮಂದಿ ಯಾರೂ ನನ್ನನ್ನು ಬಲ್ಲವರಲ್ಲ ಎಂಬುದೊಂದೇ ಸಮಾಧಾನ.

ಅವಳು ಕಾಗದ ಮಡಚಿ ಮೊಣಕಾಲಿನ ಕೆಳಗೆ ಇಟ್ಟುಕೊಂಡಳು. "ನಮ್ಮವರು ಭಾಳ ಮಾತಿನವರು," ಎಂದಳು. "ದಿನಾ ಮಗ್ಗದ ಮುಂದ ನಿಂತು ಏನೇನೋ ಹೇಳತಿದ್ರು. ಸಪ್ಪಳದಾಗ ಅರ್ಧ ಕೇಳತಿರಲಿಲ್ಲ. ಹಂ ಹಂ ಅಂತಿದ್ದೆ. ಮನಿಗೆ ಹೋಗಿ ಕೇಳಿದ್ರಾತು ಅಂತಿದ್ದೆ. ಮನಿಗೆ ಬಂದ ಮ್ಯಾಲ ಒಲಿ, ನೀರು, ಕೂಸು. ಕೇಳೂದು ಉಳೀತು. ಆಮ್ಯಾಲ ಕಿವೀನೂ ಹೋದ್ವು." ಚಹಾದ ಬಸಿ ಕೆಳಗಿಟ್ಟಳು. "ಏನ ಹೇಳತಿದ್ರೋ."

ನಾನು ಪೆನ್ನು ಮುಚ್ಚಿ ಕಿಸೆಗೆ ಹಾಕಿಕೊಂಡೆ.

ಆಮೇಲೆ ಪ್ರತಿ ಸುಟ್ಟಿಗೂ ಹೋಗತೊಡಗಿದೆ. ಮೀಸೆ ಸಣ್ಣದು ಮಾಡಿಸಿದೆ. ಅವಳು ತುಟಿ ಓದತೊಡಗಿದಳು, ಅರ್ಧ ತಪ್ಪು ಓದುತ್ತಿದ್ದಳು. ನೀಲಿ ಬಾಗಿಲಿನ ಆಚೆ ಇನ್ನೂ ಒಂಬತ್ತು ಕೋಣೆಗಳಿದ್ದವು. ಅವುಗಳಿಗೆ ಇಬ್ಬರು ಬೇಕಿರಲಿಲ್ಲ, ಒಬ್ಬರೇ ಹತ್ತಬಹುದಿತ್ತು. ಆದರೆ ವಾರದ ನಡುವೆ ಮುಂದೆ ಹೋಗಬಾರದು ಎಂದು ಅವಳು ಕಟ್ಟುನಿಟ್ಟು ಮಾಡಿದ್ದಳು. ಒಮ್ಮೆ ಬಸ್ಸಿನಲ್ಲಿ ಆಸೆ ತಡೆಯದೆ ಒಂದು ಕೋಣೆ ಹತ್ತಿಬಿಟ್ಟೆ. ಅವಳು ಪರದೆ ನೋಡಿದವಳೇ ಯಂತ್ರ ಮುಚ್ಚಿ, "ಹೋಗ, ಒಬ್ಬನ ಆಡ," ಎಂದು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು. ನಾನು ಅವಳ ಎದುರಿಗೇ ಗಡ್ಡೆಯನ್ನು ಮತ್ತೆ ಕೆಳಗೆ ಬೀಳಿಸಿ, ಮೊದಲಿನ ಕೋಣೆಗೆ ತಂದು ತೋರಿಸಿದ ಮೇಲೆಯೇ ಅವಳು ಹೊರಗೆ ಬಂದದ್ದು. ನನ್ನ ಮೇಲೆ ಹಾಗೆ ಸಿಟ್ಟು ಮಾಡಿಕೊಳ್ಳುವವರು ಯಾರೂ ಇರಲಿಲ್ಲ. ಆ ದಿನ ಕೊಲ್ಹಾಪುರದ ಬಸ್ಸು ಹತ್ತಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು.

ಆ ಮಳೆಗಾಲದ ಒಂದು ಗುರುವಾರ ಗಡಹಿಂಗ್ಲಜದ ಸರಾಫರ ಅಂಗಡಿಯಲ್ಲಿ ಮಾದರಿ ತೋರಿಸುತ್ತಿದ್ದೆ. ಕೊಡೆ ಮಡಚುತ್ತ ಒಬ್ಬ ಹೆಂಗಸು ಒಳಗೆ ಬಂದಳು, ಬೆರಳು ಹಿಡಿದು ಮೂರು ನಾಲ್ಕು ವರ್ಷದ ಹೆಣ್ಣುಮಗು. ನನ್ನ ಹೆಂಡತಿಯಾಗಿದ್ದವಳು. ಅಂಗಡಿಯವನು ಊರಿಗೆ ಹೊಸಬ. "ಹೊಸ ನಮೂನಿ ಇವರ ಕಡೆನ ಐತ್ರಿ, ನೋಡ್ರಿ ಅಕ್ಕಾರ," ಎಂದು ಗಿರಾಕಿಯನ್ನು ನನ್ನ ಕಡೆಗೇ ತಿರುಗಿಸಿದ. ನಾನು ಗೆಜ್ಜೆಗಳ ತಟ್ಟೆ ಮುಂದಿಟ್ಟೆ. ಮಗು ಒಂದು ಜೊತೆ ಎತ್ತಿಕೊಂಡು ಅಲುಗಾಡಿಸಿತು. ಅಂಗಡಿಯವನು ಒಳಗೆ ತಕ್ಕಡಿ ತರಲು ಹೋದ.

"ಆರಾಮ ಅದೀರಿ?" ಎಂದಳು, ತಟ್ಟೆಯನ್ನೇ ನೋಡುತ್ತ.

"ಅದೀನಿ. ನೀ?"

"ಅದೀನ್ರಿ."

ಅಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯಿತು ಎಂದೇ ಅಂದುಕೊಂಡೆ. ಆದರೆ ನನ್ನ ಬಾಯಿ ಮತ್ತೆ ತೆರೆಯಿತು. "ಆವಾಗ ನಾ ಮಾತಾಡಬೇಕಿತ್ತು. ಆಡಲಿಲ್ಲ."

ಅವಳು ತಲೆಯೆತ್ತಿ ನೋಡಿದಳು. "ನನ್ನ ಮ್ಯಾಲ ಸಿಟ್ಟು ಅಂತ ತಿಳದಿದ್ದೆ," ಎಂದಳು. "ಎಂಟೂ ವರ್ಷ."

"ಸಿಟ್ಟು ಇರಲಿಲ್ಲ."

"ನನಗ ಗೊತ್ತಾಗಲಿಲ್ಲರಿ."

ಅಂಗಡಿಯವನು ತಕ್ಕಡಿ ತಂದ. ಮಗು ಗೆಜ್ಜೆಯನ್ನು ಬಿಡಲೊಲ್ಲದು, ಅಲ್ಲೇ ಹಾಕಿಸಿಕೊಂಡಿತು. ಅವರು ಹೋದ ಮೇಲೆ ಓಣಿಯ ತಿರುವಿನತನಕ ಆ ಸಪ್ಪಳ ಕೇಳುತ್ತಿತ್ತು. ಅಂದು ಬಸ್ಸಿನಲ್ಲಿ ಯಂತ್ರ ತೆರೆಯಲಿಲ್ಲ. ಕಿಟಕಿಯ ಹೊರಗೆ ಮಳೆಯಲ್ಲಿ ನೆನೆದ ಕಬ್ಬಿನ ಹೊಲಗಳು ಹಿಂದೆ ಹೋಗುತ್ತಿದ್ದವು. ಎಂಟು ವರ್ಷ ಒಬ್ಬಳು ನನ್ನ ಎದುರು ಕೂತು, ಏನು ತಪ್ಪು ಮಾಡಿದೆ ಎಂದು ಯೋಚಿಸುತ್ತ ಉಂಡಿದ್ದಳು. ನನಗೆ ನನ್ನ ಒಂಟಿತನ ಮಾತ್ರ ಗೊತ್ತಿತ್ತು. ಅವಳದೂ ಒಂದು ಇತ್ತು ಎಂಬುದು ಅಂದು ತಿಳಿಯಿತು, ಏನೂ ಮಾಡಲಾಗದ ಹೊತ್ತಿನಲ್ಲಿ.

ಇಚಲಕರಂಜಿಯಲ್ಲಿ ಇದನ್ನೆಲ್ಲ ಬರೆದು ತೋರಿಸಿದೆ. ಈ ಸಲ ಅವಳು ಗಟ್ಟಿಯಾಗಿ ಓದಲಿಲ್ಲ. ಓದಿ ಮುಗಿಸಿ, "ಹೇಳಿದಿ, ಚಲೋ ಆತು," ಎಂದಷ್ಟೇ ಹೇಳಿ, ವೈರು ಜೋಡಿಸಿದಳು.

ಕೊನೆಯ ಕೋಣೆ ಹತ್ತಿದ್ದು ದೀಪಾವಳಿಯ ನಂತರ. ಮನೆಯ ತುದಿಯಲ್ಲಿ ಗಡ್ಡೆಯ ಹಾಸಿಗೆ ಇತ್ತು. ಅದು ಎರಡೂ ಬೂಟು ಕಳಚಿಟ್ಟು, ಹೊದ್ದು ಮಲಗಿತು. ಅಷ್ಟು ದಿನ ಹತ್ತಿದ್ದು ತನ್ನ ಖೋಲಿಗೆ ಹೋಗಿ ಮಲಗಲಿಕ್ಕೆ! ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಅವಳು ಹೇಳಿದಳು, ಶೆಡ್ಡಿನ ಮಾಲೀಕ ಹಳೆಯ ಮಗ್ಗಗಳನ್ನು ಗುಜರಿಗೆ ಹಾಕುತ್ತಿದ್ದಾನೆ ಎಂದು. ಖೋಲಿಯೂ ಅವನದೇ. ಮಗಳು ಪುಣೆಗೆ ಕರೆದಿದ್ದಾಳೆ. ಈ ವಾರವೇ ಹೊರಡಬೇಕು.

"ಅಲ್ಲಿ ಯಾರ ಕೂಡ ಆಡ್ಲಿ ನಾ?" ಎಂದಳು. ಆಮೇಲೆ ನನ್ನ ಮುಖ ನೋಡಿ, "ನೀ ಯಾರ ಕೂಡ ಆಡ್ತಿ?" ಎಂದಳು.

ಹೊರಡುವ ದಿನ ಇಚಲಕರಂಜಿಯ ಸ್ಟ್ಯಾಂಡಿಗೆ ಹೋಗಿದ್ದೆ. ಎರಡು ಗಂಟು, ಒಂದು ಟ್ರಂಕು. ಅವಳ ಯಂತ್ರ ಸೊಂಟದ ಚೀಲದಲ್ಲಿತ್ತು. ಬಸ್ಸು ಹತ್ತುವ ಮುಂಚೆ ಮಗಳ ವಿಳಾಸ ಬರೆದ ಚೀಟಿಯನ್ನು ನನ್ನ ಕಿಸೆಗೆ ತುರುಕಿದಳು. ಕಿಟಕಿಯಿಂದ ಕೈ ಹೊರಹಾಕಿ ಬೆರಳುಗಳಿಂದ ಗಾಳಿಯಲ್ಲಿ ಬರೆಯುವ ಹಾಗೆ ಮಾಡಿದಳು. "ಫೋನ ಉಪಯೋಗಿಲ್ಲ ನನಗ. ಬರಿ." ಬಸ್ಸು ಹೋಯಿತು. ನಾನು ಮಧ್ಯಾಹ್ನದತನಕ ಸ್ಟ್ಯಾಂಡಿನಲ್ಲೇ ಕೂತಿದ್ದೆ. ಕೊಲ್ಹಾಪುರದ ಬಸ್ಸುಗಳು ಎಷ್ಟೋ ಬಂದು ಹೋದವು.

ಬರೆದೆ. ನನ್ನ ಕನ್ನಡ ಅಕ್ಷರ ಕದದ ಮೇಲೆ ಕಲಿತದ್ದು, ಒತ್ತಕ್ಷರಗಳೆಲ್ಲ ತಪ್ಪು. ಎರಡು ವಾರ ಬಿಟ್ಟು ಉತ್ತರ ಬಂತು. ಪುಣೆಯಲ್ಲಿ ನೆರೆಯವರು ಕದ ಹಾಕಿಕೊಂಡೇ ಇರುತ್ತಾರೆ ಎಂದಿತ್ತು. ಮೊಮ್ಮಗಳು ಒಮ್ಮೆ ಪಕ್ಕದಲ್ಲಿ ಕೂತು ಉಳ್ಳಾಗಡ್ಡಿ ಬೀಳುವುದನ್ನು ನೋಡಿ ನಕ್ಕಳು, ಮತ್ತೆ ತನ್ನ ಮೊಬೈಲಿಗೆ ಹೋದಳು ಎಂದಿತ್ತು. ಕೊನೆಗೆ ಒಂದು ಬೈಗುಳ: "ಅಕ್ಷರ ಇರಿವಿ ಹಂಗ ಸಣ್ಣ ಬರದೀದಿ. ಕಣ್ಣೂ ಮಂಜ ಆಗಾಕತ್ತಾವ. ದೊಡ್ಡದ ಬರಿ."

ಈಗ ದೊಡ್ಡದಾಗಿ ಬರೆಯುತ್ತೇನೆ. ರವಿವಾರ ಮಧ್ಯಾಹ್ನ ಖೋಲಿಯ ಬಾಗಿಲು ತೆರೆದಿಟ್ಟು, ಬೆಳಕಿಗೆ ಕೂತು ಬರೆಯುತ್ತೇನೆ. ಒಂದು ಹಾಳೆಯಲ್ಲಿ ಎಂಟೇ ಸಾಲು ಹಿಡಿಯುತ್ತವೆ. ಮೊದಲು ನನ್ನ ವಾರದಲ್ಲಿ ಎಂಟು ಸಾಲಿನ ಸುದ್ದಿಯೂ ಸಿಗುತ್ತಿರಲಿಲ್ಲ. ಈಗ ಬಸ್ಸಿನಲ್ಲಿ ತಲೆಯೆತ್ತಿ ಕೂತು ಹುಡುಕುತ್ತೇನೆ. ಈ ವಾರ ಹುಪರಿಯ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ ತನ್ನ ಮೇಕೆಗೂ ಒಂದು ಟಿಕೀಟು ಕೊಡು ಎಂದು ಕಂಡಕ್ಟರನ ಜೊತೆ ಹಟ ಹಿಡಿದಿದ್ದ. ಅದನ್ನು ಬರೆಯುವಷ್ಟರಲ್ಲಿ ಹಾಳೆ ತುಂಬಿತು. ಇನ್ನೊಂದು ಹಾಳೆ ತೆಗೆದುಕೊಂಡೆ.